ಸೈಲೆನ್ಸರ್‌ನಲ್ಲಿ ಹೋಗುವ ದುಡ್ಡು: ತಾರಿಹಾಳದ ಟರ್ಬೊ ವರ್ಕ್‌ಶಾಪ್ ಹೇಗಿದೆ?

ಲಾರಿಯ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ) ಕೆಲಸಕ್ಕೆ ಹುಬ್ಬಳ್ಳಿ ತಾರಿಹಾಳದ ಈ ವರ್ಕ್‌ಶಾಪ್ ಹೇಗೆ ಅಂತ ಕೇಳಿದರೆ, ಹೋಗಿ ಅಂತಲೇ ಹೇಳುತ್ತೇನೆ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ಬುತ್ತಿ ಕಟ್ಟಿಕೊಂಡು ಹೋಗಿ. ಹೆಣ್ಣುಮಕ್ಕಳಾದರೆ ಗಬ್ಬೂರು ಕ್ರಾಸ್ ಹತ್ತಿರ ಯಾವುದಾದರೂ ಹೋಟೆಲ್‌ನಲ್ಲೇ ಬಾತ್‌ರೂಮಿಗೆ ಹೋಗಿ ಬಂದುಬಿಡಿ, ವರ್ಕ್‌ಶಾಪಿನಲ್ಲಿ ಆ ವ್ಯವಸ್ಥೆ ಇಲ್ಲ. ಕೆಲಸ ಮಾತ್ರ ಚೊಕ್ಕ.

ಅಂಗಡಿಯ ಹೆಸರು ಹಾಕಿಲ್ಲ. ಹಾಕಬೇಡಿ ಅಂತ ಅವರೇ ಹೇಳಿದರು. ಈಗಲೇ ಅಂಗಳದಲ್ಲಿ ಗಾಡಿ ತಿರುಗಿಸುವುದಕ್ಕೆ ಜಾಗ ಸಾಲುತ್ತಿಲ್ಲವಂತೆ. ಆ ಕಡೆ ಓಡಾಡುವ ಡ್ರೈವರುಗಳ ಹತ್ತಿರ 'ಟರ್ಬೊ ಉಸ್ತಾದರು' ಅಂದರೆ ಸಾಕು, ದಾರಿ ಹೇಳುತ್ತಾರೆ.

ನಮ್ಮದು ರಾಣೆಬೆನ್ನೂರು. ಮನೆಯಲ್ಲಿ ಹತ್ತು ಚಕ್ರದ ಗಾಡಿ ಎರಡಿವೆ. ಒಂದನ್ನು ಮೈದುನ ಓಡಿಸುತ್ತಾನೆ, ಇನ್ನೊಂದಕ್ಕೆ ಡ್ರೈವರ್ ಇದ್ದಾರೆ. ನಾನು ಸ್ಟೀರಿಂಗ್ ಹಿಡಿದವಳಲ್ಲ, ವಹಿ ಹಿಡಿದವಳು. ಡೀಸೆಲ್, ಟೋಲ್, ಟೈರು, ಹಮಾಲಿ, ಎಲ್ಲವೂ ನನ್ನ ಕೈಬರಹದಲ್ಲೇ ಇರುತ್ತದೆ. ಮದುವೆಗೆ ಮೊದಲು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೆ. ಆ ಓದು ಅಡುಗೆಮನೆಯಲ್ಲಿ ಹಾಳಾಯಿತು ಅಂತ ನಮ್ಮಪ್ಪ ಈಗಲೂ ಗೊಣಗುತ್ತಾರೆ. ಹಾಳೇನೂ ಆಗಿಲ್ಲ. ಡೀಸೆಲ್ ಲೆಕ್ಕ ಬರೆಯುವಾಗ ಅದು ಬಹಳ ಕೆಲಸಕ್ಕೆ ಬಂದಿದೆ.

ಮೈದುನನ ಗಾಡಿ 2015ರ ಬಿಎಸ್-3, ಅಂದರೆ ಹೊಗೆಯ ಹಳೆಯ ಸರ್ಕಾರಿ ಮಾನದಂಡದ್ದು. ಹೋಗುವಾಗ ಗೋವಿನಜೋಳ, ಬರುವಾಗ ಪಣಂಬೂರಿನಿಂದ ಗೊಬ್ಬರ. ಅಂಕೋಲಾ ಬಿಟ್ಟ ಮೇಲೆ ಅರಬೈಲ್ ಘಾಟ್ ಹತ್ತಬೇಕು. ಲೀಟರಿಗೆ ನಾಲ್ಕು ಕಿಲೋಮೀಟರ್ ಹತ್ತಿರ ಕೊಡುತ್ತಿದ್ದ ಗಾಡಿ ನಿಧಾನಕ್ಕೆ ಮೂರೂವರೆಗೆ ಬಂದು ನಿಂತಿತು. ಅರ್ಧ ಕಿಲೋಮೀಟರ್ ಅಲ್ವಾ, ಏನು ಮಹಾ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಸಾವಿರ ಕಿಲೋಮೀಟರಿಗೆ 250 ಲೀಟರ್ ಕುಡಿಯುತ್ತಿದ್ದದ್ದು 285 ಲೀಟರ್ ಕುಡಿಯುತ್ತದೆ. ಇವತ್ತಿನ ದರದಲ್ಲಿ ಅದು ಮೂರು ಸಾವಿರ ರೂಪಾಯಿಗೂ ಜಾಸ್ತಿ. ಬಾಡಿಗೆಯಲ್ಲಿ ಉಳಿಯುವುದೇ ಅಷ್ಟು, ಅದೂ ಹೋದರೆ ಗಾಡಿ ಓಡಿಸಿ ಏನು ಬಂತು?

"ವೈನಿ, ಅರಬೈಲ್‌ನ್ಯಾಗ ಗಾಡಿ ದಮ್ಮ ಹಿಡಿಯವಲ್ದು" ಅಂತ ಅವನೂ ಹೇಳಿದ. ಏರಿನಲ್ಲಿ ಕಪ್ಪು ಹೊಗೆ, ಗೇರ್ ಒಂದು ಕೆಳಗೆ, ಹಿಂದಿನ ಗಾಡಿಯವರ ಹಾರ್ನ್.

ಊರಲ್ಲಿ ಸಲಹೆಗೆ ಬರವಿಲ್ಲ. ಪಂಪ್ ಬಿಚ್ಚಿಸಿ ಅಂದರು. ಇಂಜೆಕ್ಟರ್ ಬದಲಿಸಿ ಅಂದರು. ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಮೈಲೇಜ್ ಏರುತ್ತದೆ ಅಂತ ಒಬ್ಬರು ಮನೆಗೇ ಬಂದರು. ಅಂಥವರಿಗೆ ನಾನು ಚಹಾ ಕೊಡುತ್ತೇನೆ, ದುಡ್ಡು ಕೊಡುವುದಿಲ್ಲ. ಬೆಂಗಳೂರಿನಿಂದ ಫೋನ್ ಮಾಡಿದ ಇನ್ನೊಬ್ಬರ ಮಾತು ಸ್ವಲ್ಪ ತೂಕದ್ದು. ಪಿಸ್ಟನ್ ತಲೆಗೆ ಸೆರಾಮಿಕ್ ಕೋಟಿಂಗ್, ಎಕ್ಸಾಸ್ಟ್ ಪೈಪಿಗೆ ಶಾಖ ತಡೆಯುವ ಪಟ್ಟಿ, ಎರಡೂ ಸೇರಿ ಇಷ್ಟು ಅಂತ ಒಂದು ಪ್ಯಾಕೇಜ್ ಹೇಳಿದರು. ಶಾಖ ಉಳಿದರೆ ಡೀಸೆಲ್ ಉಳಿದಂತೆ, ಅಷ್ಟೇ ಅಲ್ವಾ ಮೇಡಮ್, ಅಂದರು. ಅಷ್ಟೇ ಅಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಈ ವರ್ಕ್‌ಶಾಪ್ ನನಗೆ ಹಿಡಿಸಿದ್ದೇ ಆ ಕಾರಣಕ್ಕೆ.

ಮೊದಲು ಶಾಖದ ಲೆಕ್ಕ. ಡಿಪ್ಲೊಮಾದಲ್ಲಿ ಒಂದು ಲ್ಯಾಬ್ ಇತ್ತು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಫ್ಲೈವೀಲ್ ಪಕ್ಕದ ಡ್ರಮ್ಮಿಗೆ ಹಗ್ಗದ ಬ್ರೇಕ್. ಒಳಗೆ ಹೋಗುವ ನೀರು ಎಷ್ಟು ತಣ್ಣಗಿದೆ, ಹೊರಗೆ ಬರುವ ನೀರು ಎಷ್ಟು ಬಿಸಿ, ಹೊಗೆ ಎಷ್ಟು ಬಿಸಿ, ಎಲ್ಲ ಅಳೆದು ಹೀಟ್ ಬ್ಯಾಲೆನ್ಸ್ ಶೀಟ್ ಬರೆಯಬೇಕು. ಅದೂ ಒಂದು ವಹಿಯೇ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೊನೆಗೆ 'ಲೆಕ್ಕಕ್ಕೆ ಸಿಗದ ನಷ್ಟ' ಅಂತ ಒಂದು ಸಾಲು. ಈಗಿನ ಲಾರಿಯ ಟರ್ಬೊ ಡೀಸೆಲ್ ಎಂಜಿನ್ ಸರಿಯಾಗಿದ್ದರೆ, ನೂರು ರೂಪಾಯಿಯ ಡೀಸೆಲ್‌ನಲ್ಲಿ ಸುಮಾರು ನಲವತ್ತು ರೂಪಾಯಿಯಷ್ಟು ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ಶಾಫ್ಟ್, ತಿರುಗಿಸುವುದಕ್ಕೆ ಸಿಗುತ್ತದೆ. ಮೂವತ್ತರ ಆಸುಪಾಸು ಬಿಸಿ ಹೊಗೆಯಾಗಿ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಮಿಕ್ಕದ್ದು ರೇಡಿಯೇಟರ್, ಆಯಿಲ್, ಎಂಜಿನ್ನಿನ ಮೈಯಿಂದ ಏಳುವ ಝಳ.

ಟರ್ಬೊ ಕೈ ಹಾಕುವುದು ಆ ಮೂವತ್ತು ರೂಪಾಯಿಗೆ. ಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಜಾಸ್ತಿ ಇದ್ದರೆ ಡೀಸೆಲ್ ಪೂರ್ತಿ ಉರಿಯುತ್ತದೆ, ಕಪ್ಪು ಹೊಗೆ ಇರುವುದಿಲ್ಲ, ಸಣ್ಣ ಎಂಜಿನ್ನೇ ದೊಡ್ಡದರ ಕೆಲಸ ಮಾಡುತ್ತದೆ. ಟರ್ಬೊ ಸೊರಗಿದರೆ ಇದೆಲ್ಲ ಉಲ್ಟಾ. ಡ್ರೈವರ್ ಪಾಪ ಆಕ್ಸಿಲರೇಟರ್ ತುಳಿದೇ ತುಳಿಯುತ್ತಾನೆ, ಡೀಸೆಲ್ ಹೋಗುತ್ತಲೇ ಇರುತ್ತದೆ, ಉರಿಯುವುದಕ್ಕೆ ಗಾಳಿ ಇರುವುದಿಲ್ಲ.

ಈಗ ವರ್ಕ್‌ಶಾಪ್. ತಗಡಿನ ಶೆಡ್, ಮುಂದೆ ಅಂಗಳ, ಒಂದು ಬೇವಿನ ಮರ. ಒಳಗೆ ಗಾಜು ಹಾಕಿದ ಸಣ್ಣ ಕೋಣೆ ಒಂದಿದೆ, ಅದರಲ್ಲಿ ಬ್ಯಾಲೆನ್ಸಿಂಗ್ ಮಷೀನ್. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಶೆಡ್ಡಿನ ಮಿಕ್ಕ ಜಾಗ ನೋಡಿದವರಿಗೆ ಆ ಕೋಣೆಯ ಚೊಕ್ಕತನ ನಂಬುವುದಕ್ಕೆ ಆಗುವುದಿಲ್ಲ. ಉಸ್ತಾದರಿಗೆ ಅರವತ್ತು ದಾಟಿರಬೇಕು. ಮೂರು ಹುಡುಗರಿದ್ದಾರೆ. ಮೂವರೂ ಅವರ ಮುಖ ನೋಡಿಯೇ ಸ್ಪ್ಯಾನರ್ ನಂಬರ್ ತಿಳಿದುಕೊಳ್ಳುತ್ತಾರೆ.

"ಟರ್ಬೊ ಹೋಗೇತ್ರಿ" ಅಂದ ಮೈದುನ.

"ಹೋಗೇತಿ ಅಂತ ಯಾರ್ ಹೇಳಿದ್ರು? ಮೊದಲ ಗಾಳಿ ಎಲ್ಲಿ ಸೋರತೈತಿ ನೋಡೂಣು ತಡೀರಿ" ಅಂದರು ಅವರು.

ಟರ್ಬೊ ಬಿಚ್ಚಿದರೆ ತಾನೇ ಅವರಿಗೆ ದುಡ್ಡು? ಆದರೂ ತುಂಬಾ ಹೊತ್ತು ಅದನ್ನು ಮುಟ್ಟಲಿಲ್ಲ. ರಾತ್ರಿಯೇ ತಂದು ನಿಲ್ಲಿಸಿದ್ದ ಗಾಡಿ, ಎಂಜಿನ್ ತಣ್ಣಗಿತ್ತು. ಹಾಗೇ ಬೇಕು ಅಂದಿದ್ದರು. ಸ್ಟಾರ್ಟ್ ಮಾಡಿಸಿ, ಕಿವಿ ಕೊಟ್ಟು ನಿಂತರು. ಸಣ್ಣದಾಗಿ ಟಿಕ್ ಟಿಕ್ ಅಂತ ಒಂದು ಸದ್ದು. ಎಂಜಿನ್ ಬಿಸಿಯಾಗುತ್ತಾ ಬಂದ ಹಾಗೆ ಆ ಸದ್ದು ಕಡಿಮೆಯಾಗಿ ನಿಂತೇಹೋಯಿತು. ನಮ್ಮ ಮೈದುನ ದಿನಾ ಕೇಳುತ್ತಿದ್ದ ಸದ್ದೇ ಅದು. ಬಿಸಿಯಾದ ಮೇಲೆ ನಿಲ್ಲುತ್ತದಲ್ಲ ಅಂತ ಸುಮ್ನಿದ್ದನಂತೆ. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುತ್ತದೆ, ಸೋರುವುದು ಪೂರ್ತಿ ನಿಲ್ಲುವುದಿಲ್ಲ.

ಎಂಜಿನ್ ಆಫ್ ಮಾಡಿಸಿ ಟಾರ್ಚ್ ಬಿಟ್ಟು ನನ್ನನ್ನೂ ಕರೆದರು. ಎಲ್ಲ ಸಿಲಿಂಡರಿನ ಹೊಗೆ ಕೂಡಿಸಿ ಟರ್ಬೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿಗೆ ಕೂಡುವ ಜಾಗ. ಐದನೇ ಸಿಲಿಂಡರಿನ ಹತ್ತಿರ, ಒಂದು ಕಡ್ಡಿ ಅಗಲದ ಗುರುತಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತಾ ಅಗಲವಾದ ಕಪ್ಪು ಮಸಿ. ಬೆರಳಿಂದ ಒರೆಸಿ ತೋರಿಸಿದರು. ಒಣಗಿದ ಮಸಿ, ಜಿಡ್ಡಿಲ್ಲ. ಜಿಡ್ಡಿದ್ದರೆ ಆಯಿಲ್ ಸೋರಿಕೆ, ಒಣ ಇದ್ದರೆ ಹೊಗೆ ಸೋರಿಕೆ. ಗ್ಯಾಸ್ಕೆಟ್ ಆ ಜಾಗದಲ್ಲಿ ಸುಟ್ಟುಹೋಗಿತ್ತು. ಅದನ್ನು ಬಿಗಿಯುವ ಬೋಲ್ಟು, ಅಂದರೆ ಸ್ಟಡ್, ಒಂದು ತುಂಡಾಗಿ ಒಳಗೇ ಉಳಿದಿತ್ತು.

"ನೋಡ್ರಿ ಅಕ್ಕಾರ, ಹೊಗಿ ಟರ್ಬೊ ಮುಟ್ಟೂದರಾಗ ಅರ್ಧ ದಾರ್ಯಾಗ ಹೊರಗ ಹೊಂಟೈತಿ. ಅದರ ಏನ್ ತಿರಗಬೇಕು?"

ಆಮೇಲೆ ಗಾಳಿಯ ಕಡೆ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳು. ಸೋಪಿನ ನೀರು ಸವರಿ, ಒಳಗೆ ಗಾಳಿ ಬಿಟ್ಟರು. ಒಂದು ಕ್ಲ್ಯಾಂಪ್ ಹತ್ತಿರ ಬುರುಗು ಎದ್ದಿತು. ಆ ಹೋಸ್ ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು, ಒಳಗೆ ಪದರ ಬಿಟ್ಟಿತ್ತು. ಇಂಟರ್‌ಕೂಲರ್ ಸ್ಥಿತಿ ಕೇಳಲೇಬೇಡಿ. ಮುಂದಿನ ಜಾಲರಿಯ ಸಂದಿಯಲ್ಲಿ ಕೆಸರು, ಅದರ ಮೇಲೆ ಗೋವಿನಜೋಳದ ಹೊಟ್ಟು, ಅದರ ಮೇಲೆ ಮತ್ತೆ ಕೆಸರು. ಟರ್ಬೊ ಒತ್ತಿದ ಗಾಳಿ ಬಿಸಿಯಾಗಿರುತ್ತದೆ. ಬಿಸಿ ಗಾಳಿ ಹಿಗ್ಗಿರುತ್ತದೆ, ಸಿಲಿಂಡರಿನಲ್ಲಿ ಕಡಿಮೆ ಹಿಡಿಸುತ್ತದೆ. ಅದನ್ನು ತಣಿಸುವುದೇ ಇಂಟರ್‌ಕೂಲರಿನ ಕೆಲಸ. ಮುಖಕ್ಕೆ ಕೆಸರು ಮೆತ್ತಿಕೊಂಡಿದ್ದರೆ ಏನು ತಣಿಸೀತು?

ಇಷ್ಟೆಲ್ಲ ನೋಡಿದ ಮೇಲೆ ಟರ್ಬೊಗೆ ಬಂದರು. ಗಾಳಿ ಕಡೆಯ ಹೋಸ್ ಬಿಚ್ಚಿ, ಎರಡು ಬೆರಳಲ್ಲಿ ಶಾಫ್ಟಿನ ತುದಿಯ ನಟ್ ಹಿಡಿದು ಆಡಿಸಿದರು. ಹೊಸಬರು ಸಾಮಾನ್ಯವಾಗಿ ಹೆದರುವುದು ಇಲ್ಲಿಯೇ. ಶಾಫ್ಟ್ ಅಡ್ಡಕ್ಕೆ ಚೂರು ಆಡಿದರೆ ಟರ್ಬೊ ಹೋಯಿತು ಅಂತ ತಿಳಿಯುತ್ತಾರೆ. ಅದು ಆಡಲೇಬೇಕು. ಒಳಗಿರುವುದು ಬಾಲ್ ಬೇರಿಂಗ್ ಅಲ್ಲ, ಆಯಿಲ್ ಪದರದ ಮೇಲೆ ತೇಲುವ ಬುಶ್. ಎಂಜಿನ್ ಆಯಿಲ್ ಒತ್ತಡ ಬಂದಾಗ ಶಾಫ್ಟ್ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಆಡಬಾರದ್ದು ಹಿಂದೆ ಮುಂದೆ. ನಮ್ಮದು ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡುತ್ತಿತ್ತು. ನನಗೂ ಹಿಡಿದು ನೋಡಿ ಅಂದರು, ನೋಡಿದೆ, ಟಕ್ ಅಂತ ಬೆರಳಿಗೆ ತಾಗಿತು. ಟಾರ್ಚ್ ಬೆಳಕಿನಲ್ಲಿ ಅಲ್ಯೂಮಿನಿಯಮ್ ಚಕ್ರದ ಎಸಳುಗಳ ಅಂಚು ಮೊಂಡಾಗಿತ್ತು. ಏರ್ ಫಿಲ್ಟರ್ ಸರಿಯಾಗಿ ಕೂರದೆ ಧೂಳು ಹೋಗಿ ಸವೆದದ್ದು. ಲಕ್ಷಕ್ಕೂ ಮೇಲೆ ಸುತ್ತು, ಅದೂ ನಿಮಿಷಕ್ಕೆ, ತಿರುಗುವ ಚಕ್ರ. ಅಲ್ಲಿಗೆ ಒಂದು ಮರಳಿನ ಕಣ ಸಿಕ್ಕರೆ ಸಾಕು.

ಸರಿ, ಟರ್ಬೊದ್ದೂ ಕೆಲಸ ಇತ್ತು. ಆದರೆ ಬರೀ ಟರ್ಬೊ ಬದಲಿಸಿಕೊಂಡು ಬಂದಿದ್ದರೆ ಮ್ಯಾನಿಫೋಲ್ಡ್ ಹಾಗೇ ಸೋರುತ್ತಿತ್ತು, ಹೊಸ ಟರ್ಬೊವೂ ಹಾಗೇ ಸೊರಗುತ್ತಿತ್ತು. ನಮ್ಮ ಕಡೆಯ ಎಷ್ಟೋ ಗಾಡಿಗಳ ಕಥೆ ಇದೇ. ಟರ್ಬೊ ಬದಲಿಸಿದರೂ ಮೈಲೇಜ್ ಬರಲಿಲ್ಲ, ಡೂಪ್ಲಿಕೇಟ್ ಕೊಟ್ಟರು ಅಂತ ಬೈಯುತ್ತಾರೆ.

ಇಲ್ಲಿ ಆಯ್ಕೆ ಎರಡು. ಪೂರ್ತಿ ಹೊಸ ಟರ್ಬೊ ತರಿಸಿಕೊಡುತ್ತಾರೆ. ಇಲ್ಲವಾದರೆ ನಿಮ್ಮದನ್ನೇ ಬಿಚ್ಚಿ ಬುಶ್, ಥ್ರಸ್ಟ್ ಬೇರಿಂಗ್, ಸೀಲ್ ರಿಂಗ್, ಬೇಕಿದ್ದರೆ ಗಾಳಿ ಕಡೆಯ ಚಕ್ರ ಬದಲಿಸಿ ಕೊಡುತ್ತಾರೆ. ಹೊಗೆ ಕಡೆಯ ಚಕ್ರ ನಿಕಲ್ ಮಿಶ್ರಲೋಹದ್ದು, ಏರಿನಲ್ಲಿ 600 ಡಿಗ್ರಿ ಮೀರಿದ ಹೊಗೆಯಲ್ಲಿ ಕೆಂಪಗಾಗಿ ತಿರುಗುವಂಥದ್ದು. ಅದು ಚೆನ್ನಾಗಿದ್ದರೆ ಉಳಿಸಿಕೊಳ್ಳಿ ಅನ್ನುತ್ತಾರೆ. ನಮ್ಮದು ಚೆನ್ನಾಗಿತ್ತು. ಅಗ್ಗದ ರೆಡಿಮೇಡ್ ಕೋರ್ (ಶಾಫ್ಟ್, ಬುಶ್, ಚಕ್ರ ಸೇರಿದ ಟರ್ಬೊದ ಒಳಭಾಗ) ಇಲ್ಲಿ ಇಡುವುದಿಲ್ಲ. ಕೇಳಿದರೆ, ಬೇರೆ ಅಂಗಡಿ ನೋಡಿಕೊಳ್ಳಿ ಅನ್ನುತ್ತಾರೆ, ಸ್ವಲ್ಪ ಗಡುಸಾಗಿಯೇ.

ಜೋಡಿಸಿದ ಮೇಲೆ ಆ ಗಾಜಿನ ಕೋಣೆ. ಕೋರನ್ನು ಮಷೀನಿಗೆ ಕಟ್ಟಿ, ಬಿಸಿ ಆಯಿಲ್ ಹರಿಸಿ, ಗಾಳಿಯ ರಭಸದಿಂದ ತಿರುಗಿಸುತ್ತಾರೆ. ಪರದೆ ಮೇಲೆ ನಡುಕದ ಗೆರೆ ಏಳುತ್ತದೆ. ನಿಲ್ಲಿಸಿ, ನಟ್ಟಿನ ಒಂದು ಬದಿಯಿಂದ ಸಣ್ಣ ಗ್ರೈಂಡರಿನಲ್ಲಿ ಕೂದಲಷ್ಟು ಉಜ್ಜಿ, ಮತ್ತೆ ತಿರುಗಿಸುತ್ತಾರೆ. ಗೆರೆ ತಗ್ಗುವ ತನಕ ಇದೇ. ಕೊನೆಗೆ ಆ ಗೆರೆಯ ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಪಿನ್ ಮಾಡಿ ಕೊಡುತ್ತಾರೆ. ವಹಿ ಬರೆಯುವವಳಿಗೆ ಇದಕ್ಕಿಂತ ಖುಷಿ ಏನಿದೆ?

ಕೆಲಸ ನಡೆಯುವಾಗ ಬೆಂಗಳೂರಿನ ಪ್ಯಾಕೇಜ್ ವಿಷಯ ತೆಗೆದೆ. ಉಸ್ತಾದರು ನಕ್ಕರು. "ಅಕ್ಕಾರ, ಬಿಸಿ ಒಳಗ ಇಟ್ರ ಅದೇನ್ ಸುಮ್ಮ ಕುಂದರತೈತೇನು? ಸೈಲೆನ್ಸರ್ ಕಡೆ ಹೊಂಡತೈತಿ. ಹಿಡಿಯಾವ ಬೇಕಲ್ಲ?"

ಓದಿದವರು ನೂರು ಪುಟದಲ್ಲಿ ಹೇಳುವುದನ್ನು ಅವರು ಎರಡು ಮಾತಲ್ಲಿ ಹೇಳಿದರು. ಕಮಿನ್ಸ್ ಕಂಪನಿ ಮತ್ತು ಅಮೆರಿಕದ ಸೇನೆ ಸೇರಿ 1970ರ ದಶಕದ ಕೊನೆ, 80ರ ದಶಕದ ಆರಂಭದಲ್ಲಿ ಇದನ್ನೇ ಮಾಡಿ ನೋಡಿದ್ದರು. ಎಂಜಿನ್ನಿನ ಒಳಗಡೆ ಶಾಖ ತಡೆಯುವ ಸೆರಾಮಿಕ್, ತಣಿಸುವುದಕ್ಕೆ ನೀರೇ ಇಲ್ಲ, ರೇಡಿಯೇಟರ್ ಇಲ್ಲ. ಐದು ಟನ್ನಿನ ಸೇನಾ ಟ್ರಕ್ಕಿಗೆ ಕೂರಿಸಿ ಓಡಿಸಿಯೂ ಬಿಟ್ಟರು. ತೊಂದರೆ ಬಂದದ್ದು ಬೇರೆ ಕಡೆ. ಸಿಲಿಂಡರಿನ ಗೋಡೆ ಅಷ್ಟು ಬಿಸಿಯಾದರೆ ಪಿಸ್ಟನ್ ರಿಂಗ್ ಹತ್ತಿರ ಆಯಿಲ್ ನಿಲ್ಲುವುದಿಲ್ಲ. ಒಳಗೆ ಬರುವ ಗಾಳಿಯೂ ಬಿಸಿ ಗೋಡೆಗೆ ತಾಗಿ ಹಿಗ್ಗುತ್ತದೆ, ಆದ್ದರಿಂದ ಕಡಿಮೆ ತುಂಬುತ್ತದೆ. ಸೆರಾಮಿಕ್ ಬಿರುಕು ಬಿಡುವ ಕಾಟ ಬೇರೆ. ಎಲ್ಲಕ್ಕಿಂತ ಮುಖ್ಯ, ಗೋಡೆಗೆ ಹೋಗದೆ ಉಳಿದ ಶಾಖದಲ್ಲಿ ಸ್ವಲ್ಪ ಮಾತ್ರ ಪಿಸ್ಟನ್ ತಳ್ಳುತ್ತದೆ. ಬಹುಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಹೊಗೆಯ ದಾರಿಯಲ್ಲಿ ಅದನ್ನು ಹಿಡಿಯುವ ಯಂತ್ರ ಇರದಿದ್ದರೆ ರೇಡಿಯೇಟರಿನ ಖರ್ಚನ್ನು ಸೈಲೆನ್ಸರಿನ ಖಾತೆಗೆ ಬರೆದಂತಾಯಿತು, ಅಷ್ಟೇ.

ಹಿಡಿಯುವ ಯಂತ್ರದ ಕಥೆ ಇದಕ್ಕಿಂತ ಹಳೆಯದು. ಸ್ವಿಟ್ಜರ್ಲೆಂಡ್‌ನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲೇ ಟರ್ಬೊಗೆ ಪೇಟೆಂಟ್ ಹಾಕಿದ್ದರು. ಕೆಲಸಕ್ಕೆ ಬರುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದ ನಡುವೆ ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳ ಡೀಸೆಲ್ ಎಂಜಿನ್ನಿಗೆ ಟರ್ಬೊ ಕೂರಿಸಿದಾಗ 1,750 ಹಾರ್ಸ್‌ಪವರ್ ಇದ್ದದ್ದು 2,500ಕ್ಕೆ ಏರಿತು. ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಹೊಗೆಯಿಂದ ತಿರುಗುವ ಚಕ್ರವನ್ನು ಗಾಳಿ ಒತ್ತುವುದಕ್ಕೆ ಬಳಸದೆ, ಗೇರ್ ಹಾಕಿ ನೇರ ಕ್ರ್ಯಾಂಕ್ ಶಾಫ್ಟಿಗೇ ಕೊಡುವುದು. ಇದಕ್ಕೆ ಟರ್ಬೊ ಕಾಂಪೌಂಡ್ ಅನ್ನುತ್ತಾರೆ. 1950ರ ದಶಕದಲ್ಲಿ ಏರ್ ಇಂಡಿಯಾ ಹಾರಿಸುತ್ತಿದ್ದ ಸೂಪರ್ ಕಾನ್‌ಸ್ಟೆಲೇಶನ್ ವಿಮಾನದ ರೈಟ್ ಎಂಜಿನ್ನಿನಲ್ಲಿ ಅಂಥ ಮೂರು ಟರ್ಬೈನ್ ಇದ್ದವು, ಆರಾರು ಸಿಲಿಂಡರಿನ ಹೊಗೆಗೆ ಒಂದೊಂದು. ಪವರ್ ವಾಪಸ್ ತರುವ ಟರ್ಬೈನ್ ಅಂತ ಹೆಸರು. ಅವು ಎಷ್ಟು ಕಾಟ ಕೊಡುತ್ತಿದ್ದವೆಂದರೆ, ಬಿಡಿಭಾಗ ವಾಪಸ್ ತರುವ ಟರ್ಬೈನ್ ಅಂತ ಮೆಕ್ಯಾನಿಕ್‌ಗಳು ಗೇಲಿ ಮಾಡುತ್ತಿದ್ದರಂತೆ. ಲಾರಿಗೆ ಇದನ್ನು ತಂದವರು ಸ್ಕ್ಯಾನಿಯಾದವರು, 1991ರಲ್ಲಿ. ಫಾರ್ಮುಲಾ ಒನ್ ಕಾರುಗಳಲ್ಲಿ 2014ರಿಂದ ಟರ್ಬೊ ಶಾಫ್ಟಿಗೇ ವಿದ್ಯುತ್ ಯಂತ್ರ ಜೋಡಿಸುತ್ತಿದ್ದರು. ದುಬಾರಿ ಅಂತ 2026ರ ನಿಯಮದಲ್ಲಿ ಕೈಬಿಟ್ಟಿದ್ದಾರೆ.

ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ಯಲಹಂಕದಲ್ಲಿ ರಾಜ್ಯ ಸರ್ಕಾರದ ವಿದ್ಯುತ್ ನಿಗಮ ಕೆಪಿಸಿಎಲ್‌ನವರ 370 ಮೆಗಾವಾಟಿನ ಗ್ಯಾಸ್ ವಿದ್ಯುತ್ ಸ್ಥಾವರ. ಗ್ಯಾಸ್ ಟರ್ಬೈನ್ ಒಮ್ಮೆ ವಿದ್ಯುತ್ ಮಾಡುತ್ತದೆ, ಅದರ ಬಿಸಿ ಹೊಗೆಯಿಂದ ನೀರು ಕಾಯಿಸಿ ಹಬೆಯಲ್ಲಿ ಇನ್ನೊಮ್ಮೆ ಮಾಡುತ್ತಾರೆ. ಒಂದೇ ಗ್ಯಾಸಿಗೆ ಎರಡು ಸಲ ವಸೂಲಿ. ಲಾರಿ ಮೇಲೆ ಬಾಯ್ಲರ್ ಹೊತ್ತುಕೊಂಡು ಅರಬೈಲ್ ಹತ್ತುವುದಕ್ಕೆ ಆಗುವುದಿಲ್ಲ, ನಮಗೆ ಟರ್ಬೊನೇ ಗತಿ.

ಇನ್ನು ಎಕ್ಸಾಸ್ಟ್ ಪಟ್ಟಿ. ಇದಕ್ಕೆ ಉಸ್ತಾದರು ಪೂರ್ತಿ ಬೇಡ ಅನ್ನಲಿಲ್ಲ. ಮ್ಯಾನಿಫೋಲ್ಡಿನಿಂದ ಟರ್ಬೊ ತನಕ ಹೊಗೆ ಬಿಸಿಯಾಗಿಯೇ ಹೋದರೆ ಚಕ್ರಕ್ಕೆ ಬಲ ಜಾಸ್ತಿ, ಮಾತು ನಿಜ. ಆದರೆ ನಮ್ಮ ಗಾಡಿಯಲ್ಲಿ ಆ ದಾರಿ ಒಂದೆರಡು ಗೇಣು, ಅದೂ ದಪ್ಪ ಎರಕದ ಕಬ್ಬಿಣ. ಪಟ್ಟಿ ಸುತ್ತಿದರೆ ಕಬ್ಬಿಣ ಇನ್ನೂ ಕಾದು ಬಿರುಕು ಬಿಡಬಹುದು. ಮೇಲಿಂದ ಆಯಿಲ್ ತೊಟ್ಟಿಕ್ಕಿ ಪಟ್ಟಿ ಹೀರಿಕೊಂಡರೆ ಬೆಂಕಿಯ ಭಯ. ಮಳೆಗಾಲದಲ್ಲಿ ನೀರು ಹಿಡಿದು ಪೈಪು ತುಕ್ಕು. ಟರ್ಬೊ ದಾಟಿದ ಮೇಲಿನ ಪೈಪಿಗೆ ಸುತ್ತಿದರೆ ಕ್ಯಾಬಿನ್ ತಂಪಾಗಿರುತ್ತದೆ, ಮೈಲೇಜಿಗೆ ಏನೂ ಆಗುವುದಿಲ್ಲ. ಅವರು ಹೇಳಿದ್ದು ಇಷ್ಟು: ಕಂಪನಿಯವರು ಹಾಕಿದ್ದ ತಗಡಿನ ಹೀಟ್ ಶೀಲ್ಡ್ ಎಲ್ಲಿ ಹೋಯಿತು, ಮೊದಲು ಅದನ್ನು ಹಾಕಿಸಿ. ನಮ್ಮದು ಹಿಂದೆ ಯಾರೋ ರಿಪೇರಿ ಮಾಡುವಾಗ ಬಿಚ್ಚಿ ಎಸೆದಿದ್ದರು. ಹಳೆಯ ಗಾಡಿಯದ್ದೊಂದು ಹುಡುಕಿ ಹಾಕಿಕೊಟ್ಟರು, ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಬಿಲ್ ತೆರಿಗೆ ಸೇರಿ 18,700 ರೂಪಾಯಿ. ಅದರಲ್ಲಿ ಟರ್ಬೊದ್ದೇ 11,500. ಮಿಕ್ಕದ್ದು ಗ್ಯಾಸ್ಕೆಟ್, ತುಂಡಾದ ಸ್ಟಡ್ ತೆಗೆದದ್ದು, ಹೋಸು, ಕ್ಲ್ಯಾಂಪು, ಇಂಟರ್‌ಕೂಲರ್ ಇಳಿಸಿ ತೊಳೆದದ್ದು, ಏರ್ ಫಿಲ್ಟರ್, ಕೂಲಿ. ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು ಬರೆದಿದ್ದಾರೆ. ಟರ್ಬೊಗೆ ಆರು ತಿಂಗಳ ಗ್ಯಾರಂಟಿ, ಆದರೆ ಆಯಿಲ್ ಬದಲಿಸಿದ ಬಿಲ್ ತೋರಿಸಬೇಕು. ಈ ಷರತ್ತು ಕೆಲವರಿಗೆ ಕಿರಿಕಿರಿ ಅನ್ನಿಸಬಹುದು. ನನಗೆ ಸರಿ ಅನ್ನಿಸಿತು. ಟರ್ಬೊ ಬದುಕಿರುವುದೇ ಎಂಜಿನ್ ಆಯಿಲ್ ಮೇಲೆ.

ಆಮೇಲೆ ಏನಾಯಿತು? ಮೈಲೇಜ್ ನಾಲ್ಕಕ್ಕೆ ಚೂರು ಕಡಿಮೆ ಬಂದು ನಿಂತಿದೆ. ಅರಬೈಲ್ ಏರಿನಲ್ಲಿ ಗಾಡಿ ಮೊದಲಿನ ಹಾಗೆ ಗೇರ್ ಹಿಡಿಯುತ್ತದೆ, ಹೊಗೆ ಕಾಣುವುದಿಲ್ಲ. ಆರು ಸಾವಿರ ಕಿಲೋಮೀಟರ್ ಆಸುಪಾಸಿಗೆ ಬಿಲ್ ವಸೂಲ್ ಅಂತ ನನ್ನ ಲೆಕ್ಕ. ಇದರಲ್ಲಿ ಎಷ್ಟು ಪಾಲು ಟರ್ಬೊದ್ದು, ಎಷ್ಟು ಗ್ಯಾಸ್ಕೆಟ್ಟಿನದ್ದು, ಎಷ್ಟು ತೊಳೆದ ಇಂಟರ್‌ಕೂಲರಿನದ್ದು ಅಂತ ಬಿಡಿಸಿ ಹೇಳುವುದಕ್ಕೆ ಬರುವುದಿಲ್ಲ. ಎಲ್ಲ ಒಂದೇ ದಿನ ಮಾಡಿಸಿದ್ದು. ನನ್ನ ಅಂದಾಜು ಕೇಳಿದರೆ, ಜಾಸ್ತಿ ಹೋಗುತ್ತಿದ್ದ ಡೀಸೆಲ್‌ನಲ್ಲಿ ಅರ್ಧದಷ್ಟನ್ನು ಗ್ಯಾಸ್ಕೆಟ್ ಮತ್ತು ಕೆಸರು ಇವೆರಡೇ ತಿನ್ನುತ್ತಿದ್ದವು. ಅವುಗಳ ಖರ್ಚೇ ಬಿಲ್ಲಿನಲ್ಲಿ ಎಲ್ಲಕ್ಕಿಂತ ಸಣ್ಣದು.

ಒಂದು ಅಭ್ಯಾಸವನ್ನೂ ಉಸ್ತಾದರು ಮೈದುನನಿಗೆ ಕಲಿಸಿ ಕಳಿಸಿದರು. ಘಾಟ್ ಹತ್ತಿ ಬಂದು ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಕ್ಷಣ ಎಂಜಿನ್ ಆಫ್ ಮಾಡಬಾರದು. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಬೇಕು. ಆಫ್ ಮಾಡಿದರೆ ಆಯಿಲ್ ನಿಲ್ಲುತ್ತದೆ, ಕಾದ ಟರ್ಬೊದ ಒಳಗಿನ ಆಯಿಲ್ ಸುಟ್ಟು ಕರಿಯಾಗಿ ಬುಶ್ ಸುತ್ತ ಕಟ್ಟಿಕೊಳ್ಳುತ್ತದೆ. ಡೀಸೆಲ್ ಉಳಿಸುವುದಕ್ಕೆ ಬೇಗ ಆಫ್ ಮಾಡು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದೆವು. ಈಗ ಆ ಮಾತು ಬಿಟ್ಟಿದ್ದೇವೆ.

ಕೊರತೆ ಹೇಳದಿದ್ದರೆ ವಿಮರ್ಶೆ ಅಲ್ಲ. ಕೂರುವುದಕ್ಕೆ ಎರಡೇ ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಮುರಿದಿದೆ. ಬಾತ್‌ರೂಮ್ ವಿಷಯ ಆಗಲೇ ಹೇಳಿದೆ, ಇಷ್ಟು ದುಡಿಯುವ ಜಾಗದಲ್ಲಿ ಅದೊಂದು ಮಾಡಿಸುವುದಕ್ಕೆ ಏನು ಕಷ್ಟವೋ. ಫೋನ್ ಎತ್ತುವುದಿಲ್ಲ. ಮಧ್ಯಾಹ್ನಕ್ಕೆ ಕೊಡುತ್ತೇವೆ ಅಂದ ಗಾಡಿ ಕೊಟ್ಟದ್ದು ದೀಪ ಹಚ್ಚುವ ಹೊತ್ತಿಗೆ. ಹುಡುಗರು ಮೊದಲಿಗೆ ನನ್ನನ್ನು ಬಿಟ್ಟು ಮೈದುನನ ಜೊತೆಗೇ ಮಾತಾಡುತ್ತಿದ್ದರು. ದುಡ್ಡು ಕೊಡುವವಳು ನಾನು ಅಂತ ಗೊತ್ತಾದ ಮೇಲೆ ಚಹಾ ಎರಡು ಸಲ ಬಂತು.

ಬಿಎಸ್-6 ಗಾಡಿಯವರು ಇಲ್ಲಿಗೆ ಬರುವ ಮೊದಲು ಯೋಚಿಸಿ. ಆ ಗಾಡಿಗಳಲ್ಲಿ ಟರ್ಬೊ ಜೊತೆಗೆ ಎಲೆಕ್ಟ್ರಾನಿಕ್ ಆಕ್ಚುಯೇಟರ್, ಸೆನ್ಸರ್, ಯೂರಿಯಾ ದ್ರವದ ವ್ಯವಸ್ಥೆ ಎಲ್ಲ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಹಚ್ಚಿ ನೋಡುವ ಸಲಕರಣೆ ಇಲ್ಲಿಲ್ಲ, ನಾವು ಮಾಡುವುದಿಲ್ಲ ಅಂತ ಉಸ್ತಾದರೇ ಹೇಳುತ್ತಾರೆ. ಹೊಗೆ ಶುದ್ಧ ಮಾಡುವ ಭಾಗ ಕಿತ್ತು ಹಾಕಿಸಿದರೆ ಮೈಲೇಜ್ ಬರುತ್ತದಂತೆ ಅಂತ ಒಬ್ಬರು ಕೇಳಿಕೊಂಡು ಬಂದಿದ್ದರು. ಅವರ ಗಾಡಿಯನ್ನು ಅಂಗಳದೊಳಕ್ಕೇ ಬಿಡಲಿಲ್ಲ.

ಭಾನುವಾರ ರಜೆ. ಶುಕ್ರವಾರ ಮಧ್ಯಾಹ್ನ ಉಸ್ತಾದರು ನಮಾಜಿಗೆ ಹೋಗಿರುತ್ತಾರೆ, ಅವರು ಬರುವ ತನಕ ಹುಡುಗರು ಟರ್ಬೊ ಬಿಚ್ಚುವುದಿಲ್ಲ. ಗಾಡಿಯನ್ನು ಹಿಂದಿನ ರಾತ್ರಿಯೇ ತಂದು ನಿಲ್ಲಿಸಿ, ತಣ್ಣಗಿನ ಎಂಜಿನ್ನಿನ ಸದ್ದು ಅವರಿಗೆ ಬೇಕು. ಹಳೆಯ ಬುಶ್, ಸೀಲು, ಚಕ್ರ ಎಲ್ಲ ಒಂದು ಚೀಲದಲ್ಲಿ ಹಾಕಿ ಕೊಡುತ್ತಾರೆ, ಕೇಳಿ ತಗೊಳ್ಳಿ. ಗಾಡಿ ಹೊರಡುವ ಮೊದಲು ಒಂದು ಸುತ್ತು ಬೈಪಾಸ್ ತನಕ ಅವರ ಹುಡುಗನನ್ನು ಕೂರಿಸಿಕೊಂಡು ಓಡಿಸಿ ನೋಡಿ. ಬಂದ ಮೇಲೆ ಕ್ಲ್ಯಾಂಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ ಕೊಡುತ್ತಾರೆ.